ಐದು ಎಂ.ಎಲ್. ನೀರು

ಮೊನ್ನೆ ಭಾನುವಾರ ಅಟ್ಟ ಗುಡಿಸಲು ಹತ್ತಿದವಳು ನನ್ನ ಹಳೆಯ ಹೆರಿಗೆ ಚೀಲವನ್ನು ಕೆಳಗಿಳಿಸಿದೆ. ಜಿಪ್ಪು ಎಳೆದದ್ದೇ ತಡ, ಸ್ಪಿರಿಟ್ಟು, ರಬ್ಬರ್ ಶೀಟು, ಹಳೆ ಹತ್ತಿ ಎಲ್ಲ ಬೆರೆತ ವಾಸನೆ ಮೂಗಿಗೆ ಬಡಿಯಿತು. ನಿಮಗಾದರೆ ಅದು ಆಸ್ಪತ್ರೆಯ ವಾಸನೆ. ನನಗೆ ಅದು ಒಂದು ಮಧ್ಯಾಹ್ನದ ವಾಸನೆ. ಜೀವನದಲ್ಲಿ ಒಮ್ಮೆ ಮಾತ್ರ ಮಾಡಿದ, ಸರಿಯಾಗಿ ಮಾಡಿದೆನೋ ಇಲ್ಲವೋ ಎಂದು ಇವತ್ತಿಗೂ ಎದೆ ಮುಟ್ಟಿ ಹೇಳಲಾರದ ಒಂದು ಕೆಲಸದ ವಾಸನೆ.

ನಾನು ಸರ್ಕಾರಿ ನರ್ಸಮ್ಮ ಆಗಿದ್ದವಳು. ಈಗ ನಿವೃತ್ತಿಯಾಗಿ ಕೂಡ್ಲಿಗಿಯಲ್ಲಿದ್ದೇನೆ. ನಿವೃತ್ತಿ ಎಂದು ನಾನು ಹೇಳಿಕೊಳ್ಳುತ್ತೇನೆ ಅಷ್ಟೇ, ಓಣಿಯವರು ಒಪ್ಪಿಲ್ಲ. ಬೆಳಗಾದರೆ ಯಾರಾದರೊಬ್ಬರು ಬಿ.ಪಿ. ನೋಡ್ರಿ ಎಂದು ತೋಳು ಚಾಚಿಕೊಂಡು ಕಟ್ಟೆಯ ಮೇಲೆ ಕೂತಿರುತ್ತಾರೆ. ಹುಟ್ಟಿದ್ದು ಕೊಟ್ಟೂರಿನ ಲಿಂಗಾಯತರ ಮನೆಯಲ್ಲಿ, ಸೊಸೆಯಾಗಿ ಹೋದದ್ದು ಉಜ್ಜಿನಿಗೆ. ಕೊರಳಲ್ಲಿ ಲಿಂಗವಿದೆ. ಬೆಳಿಗ್ಗೆ ಪೂಜೆಯಾಗದೆ ಚಹಾ ಕುಡಿಯುವುದಿಲ್ಲ. ಇಷ್ಟನ್ನು ಮೊದಲೇ ಹೇಳಿದ್ದು ಯಾಕೆಂದರೆ, ಮುಂದೆ ನಾನು ಹೇಳುವುದನ್ನು ಕೇಳಿ ನೀವು ನನ್ನ ಮನೆತನದ ಬಗ್ಗೆ ಅನುಮಾನಪಡಬಾರದು. ನನ್ನ ಯಜಮಾನರು ಆಗಲೇ ಸಾಕಷ್ಟು ಪಟ್ಟಿದ್ದಾರೆ.

ಇಪ್ಪತ್ತನಾಲ್ಕು ವರ್ಷದ ಹಿಂದೆ ನನಗೆ ಹಗರಿಬೊಮ್ಮನಹಳ್ಳಿ ಕಡೆಯ ಒಂದು ಹಳ್ಳಿಯ ಉಪಕೇಂದ್ರದಲ್ಲಿ ಕೆಲಸ. ಆ ಊರಿನಲ್ಲಿ ಒಂದೇ ಒಂದು ಕ್ರೈಸ್ತರ ಮನೆ ಇತ್ತು. ಗಂಡ ಅಂತೋಣಿ ಗೌಂಡಿ ಕೆಲಸದವನು. ಕಟ್ಟಡ ಎಲ್ಲಿ ಏಳುತ್ತದೋ ಅಲ್ಲಿಗೆ ಹೋಗಿ ತಿಂಗಳುಗಟ್ಟಲೆ ಇದ್ದುಬಿಡುತ್ತಿದ್ದ. ಹೆಂಡತಿ ರೋಸಮ್ಮ ಮನೆಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡು ಊರ ಹೆಂಗಸರ ಕುಪ್ಪಸ ಹೊಲಿಯುತ್ತಿದ್ದಳು. ನನ್ನ ಯೂನಿಫಾರ್ಮಿನ ತೋಳು ಸಡಿಲ ಮಾಡಿಸಲು ಹೋಗಿ ಪರಿಚಯವಾಯಿತು. ನಾನು ದಪ್ಪಗಾಗುತ್ತ ಹೋದಂತೆ ಸ್ನೇಹವೂ ಬೆಳೆಯಿತು.

ಅವಳು ಬಸುರಿಯಾದಾಗ ಕಾರ್ಡು ಬರೆಯಲು ಕೂತು, ವಾಡಿಕೆಯಂತೆ ಕೇಳಿದೆ: "ಎಷ್ಟನೇದು?"

"ಎರಡನೇದು ಅಕ್ಕಾರೆ."

"ಮೊದಲ್ನೇದು?"

ಅವಳು ಮಿಷನ್ನಿನ ಚಕ್ರವನ್ನು ಕೈಯಿಟ್ಟು ನಿಲ್ಲಿಸಿದಳು. ಆಮೇಲೆ ಹೇಳಿದಳು. ಮೊದಲನೆಯದು ಗಂಡು. ತವರಿನಲ್ಲಿ ಹೆರಿಗೆಯಾಗಿತ್ತು. ಕೂಸು ಒಂದೇ ಒಂದು ಮಧ್ಯಾಹ್ನ ಬದುಕಿತ್ತು. ಫಾದರನ್ನು ಕರೆತರಲು ಅವಳಪ್ಪ ಸೈಕಲ್ ತುಳಿದುಕೊಂಡು ಹೋಗಿದ್ದರು. ಫಾದರ್ ಬರುವಷ್ಟರಲ್ಲಿ ಕೂಸು ಇರಲಿಲ್ಲ. ಫಾದರ್ ತಲೆಗೆ ನೀರು ಹಾಕಿ ಮಾಡುವ ಜ್ಞಾನಸ್ನಾನ ಆಗದ ಕೂಸು ಎಂದು ಸಮಾಧಿಗಳ ನಡುವೆ ಹೂಳದೆ ಬೇಲಿಯ ಪಕ್ಕ ಹೂತರು. ಹೆಸರಿಟ್ಟಿರಲಿಲ್ಲವಾದ್ದರಿಂದ ಶಿಲುಬೆಯ ಮೇಲೆ ಬರೆಯಲು ಏನೂ ಇರಲಿಲ್ಲ, ಹಾಗಾಗಿ ಶಿಲುಬೆಯನ್ನೂ ನೆಡಲಿಲ್ಲ. ಅವಳ ಸೋದರತ್ತೆ ಒಬ್ಬಳು ಸಮಾಧಾನ ಹೇಳಲು ಬಂದವಳು ಅಂದಳಂತೆ: "ನೀರು ಬೀಳದ ಕೂಸು ನರಕಕ್ಕ ಹೋಗಂಗಿಲ್ಲವ್ವ. ಸ್ವರ್ಗದ ಬಾಗಲ ಹೊರಗ ಇರ್ತೈತಿ, ಒಳಗ ಹೋಗಂಗಿಲ್ಲ ಅಷ್ಟ."

"ಅವತ್ತಿನಿಂದ ಬಾಗಲದಾಗ ಯಾರರ ನಿಂತ್ರ ನನ್ನ ಕೈಲೆ ನೋಡಾಕ ಆಗಂಗಿಲ್ರಿ ಅಕ್ಕಾರೆ," ಅಂದಳು ರೋಸಮ್ಮ. ನಾನು ಕಾರ್ಡಿನಲ್ಲಿ 'ಜೀವಂತ ಮಕ್ಕಳು: ಇಲ್ಲ' ಎಂದು ಬರೆದು ಮೇಲೆದ್ದೆ.

ಎರಡನೆಯದು ಏಳೂವರೆ ತಿಂಗಳಿಗೇ ಬಂದುಬಿಟ್ಟಿತು. ಸುಡುಬಿಸಿಲಿನ ಮಧ್ಯಾಹ್ನ. ಅಂತೋಣಿ ಬಳ್ಳಾರಿಯಲ್ಲಿದ್ದ. ಹೆಣ್ಣು ಕೂಸು. ನನ್ನ ಎರಡು ಅಂಗೈಯಲ್ಲಿ ತುಂಬುವಷ್ಟು, ಅದರಲ್ಲೂ ಸ್ವಲ್ಪ ಜಾಗ ಉಳಿಯುವಷ್ಟು. ಅಳಲಿಲ್ಲ, ಬೆಕ್ಕಿನ ಮರಿಯಂತೆ ಒಮ್ಮೆ ಕುಂಯ್ ಅಂದಿತು. ತುಟಿ ನೀಲಿಯಾಗಿತ್ತು. ಹೊಸಪೇಟೆಗೆ ಒಯ್ಯದೆ ಬೇರೆ ದಾರಿ ಇರಲಿಲ್ಲ. ಆಗ ಫೋನು ಮಾಡಿದರೆ ಬರುವ ಆಂಬುಲೆನ್ಸುಗಳಿರಲಿಲ್ಲ. ಊರಿನ ಹುಸೇನಿ ತನ್ನ ಜೀಪು ತಂದ. ಹಿಂದಿನ ಸೀಟಿನಲ್ಲಿ ರೋಸಮ್ಮನನ್ನು ಮಲಗಿಸಿ, ಒಂದು ಕೈಗೆ ಡ್ರಿಪ್ ಹಾಕಿ, ಹತ್ತಿಯಲ್ಲಿ ಸುತ್ತಿದ ಕೂಸನ್ನು ಅವಳ ಎದೆಯ ಮೇಲೆ ಇಟ್ಟು, ನಾನು ಕೆಳಗೆ ಕುಕ್ಕರಗಾಲಲ್ಲಿ ಕೂತೆ. ರಸ್ತೆಯ ಒಂದೊಂದು ಗುಂಡಿಯೂ ನನಗೆ ಲೆಕ್ಕವಿದೆ.

ಅರ್ಧ ದಾರಿ ಆಗಿರಬೇಕು. ಕೂಸಿನ ಉಸಿರು ಒಮ್ಮೆ ಬಂದರೆ ಒಮ್ಮೆ ಇಲ್ಲ. ನಾನು ಅಂಗಾಲು ತಿಕ್ಕುತ್ತಿದ್ದೆ. ರೋಸಮ್ಮ ನನ್ನ ಸೆರಗು ಹಿಡಿದು ಎಳೆದಳು.

"ಅಕ್ಕಾರೆ, ನೀರು ಹಾಕ್ರಿ."

ಅವಳಿಗೆ ಬಾಯಾರಿದೆ ಎಂದುಕೊಂಡೆ. "ಈಗ ಕುಡೀಬಾರ್ದು, ತಡಿ," ಅಂದೆ.

"ನನಗಲ್ರಿ. ಕೂಸಿಗೆ. ತಲಿ ಮ್ಯಾಲ. ಫಾದರ್ ಇಲ್ಲದಾಗ ಯಾರು ಬೇಕಾದ್ರೂ ಹಾಕಬಹುದಂತ. ನನ್ನ ಕೈ ಏಳವಲ್ಲದು. ನೀವ ಹಾಕ್ರಿ."

"ಏ ಹುಚ್ಚಿ, ನಾನು ನಿಮ್ಮೋಕಿ ಅಲ್ಲ. ನನ್ನ ಕೊರಳಾಗ ಲಿಂಗ ಐತಿ."

"ಇರ್ಲಿ ಬಿಡ್ರಿ. ಈ ಕೂಸನ್ನೂ ಬಾಗಲದಾಗ ನಿಲ್ಲಿಸಬ್ಯಾಡ್ರಿ ಅಕ್ಕಾರೆ. ನಿಮ್ಮ ಕಾಲಿಗೆ ಬೀಳ್ತೀನಿ."

ಬೀಳುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಆದರೂ ಆ ಮಾತಿಗೆ ನಾನು ಸೋತೆ. ನಮ್ಮಲ್ಲಿಯೂ ಕೂಸು ಹುಟ್ಟಿದರೆ ಅಯ್ಯನವರು ಬಂದು ಲಿಂಗ ಕಟ್ಟುವವರೆಗೆ ಮನೆಯವರಿಗೆ ಸಮಾಧಾನವಿರುವುದಿಲ್ಲ. ನನ್ನ ಹಿರಿಯ ಮಗ ಹುಟ್ಟಿದಾಗ ಅಯ್ಯನವರು ಬರುವುದು ತಡವಾಯಿತೆಂದು ನನ್ನವ್ವ ಬಾಗಿಲಿಗೂ ತೊಟ್ಟಿಲಿಗೂ ಎಷ್ಟು ಸಲ ತಿರುಗಾಡಿದ್ದಳು! ಆ ತಳಮಳ ನನಗೆ ಗೊತ್ತಿತ್ತು. ದೇವರು ಬೇರೆ ಇರಬಹುದು, ತಳಮಳ ಅದೇ.

ಹುಸೇನಿಗೆ ಗಾಡಿ ನಿಲ್ಲಿಸಲು ಹೇಳಿದೆ. ಜೀಪಿನಲ್ಲಿದ್ದದ್ದು ರೇಡಿಯೇಟರಿಗೆ ಹಾಕುವ ನೀರಿನ ಕ್ಯಾನು. ಅದರ ಮೇಲೆ ಎಣ್ಣೆ ತೇಲುತ್ತಿತ್ತು. ಅದನ್ನು ಹಸುಗೂಸಿನ ತಲೆಗೆ ಹಾಕಲು ನನ್ನ ಕೈ ಬರಲಿಲ್ಲ. ಸತ್ತೇ ಹೋಗುವ ಕೂಸಿಗೆ ಸೋಂಕಿನ ಭಯವೇ ಎಂದು ನೀವು ಕೇಳಬಹುದು. ಕೈಗೆ ಅಂಟಿದ ಅಭ್ಯಾಸ. ಚೀಲದಿಂದ ಡಿಸ್ಟಿಲ್ಡ್ ವಾಟರಿನ ಒಂದು ಆಂಪುಲ್ ತೆಗೆದೆ. ಇಂಜೆಕ್ಷನ್ ಪುಡಿ ಕಲಸಲು ಬಳಸುತ್ತೇವಲ್ಲ, ಬೆರಳುದ್ದದ ಗಾಜಿನ ಕೊಳವೆ. ಐದು ಎಂ.ಎಲ್. ಅದರ ಕತ್ತು ಮುರಿದೆ.

"ಹೆಸರು ಏನಿಡ್ಲಿ?"

ರೋಸಮ್ಮನ ಕಣ್ಣು ಮೇಲೆ ಹೋಗುತ್ತಿತ್ತು. "ಯಾವುದರ ಇಡ್ರಿ," ಅಂದಳು. ನನ್ನ ಬಾಯಿಗೆ ಬಂದದ್ದು ನನ್ನವ್ವನ ಹೆಸರು. "ನೀಲಮ್ಮ," ಅಂದೆ.

ಅವಳು ಒಂದೊಂದೇ ಮಾತು ಹೇಳಿಕೊಟ್ಟಳು, ನಾನು ಒಂದೊಂದೇ ಹನಿ ಹಾಕಿದೆ. ನೀಲಮ್ಮ, ಪಿತನ ಹೆಸರಿನಲ್ಲಿ. ಒಂದು ಹನಿ. ಸುತನ ಹೆಸರಿನಲ್ಲಿ. ಇನ್ನೊಂದು. ಅಷ್ಟರಲ್ಲಿ ಕೂಸಿನ ಉಸಿರು ನಿಂತಿತು. ರೋಸಮ್ಮನ ತುಟಿ ಅಲ್ಲಾಡುತ್ತಿತ್ತು, ದನಿ ಬರಲಿಲ್ಲ. ನನ್ನ ಬಾಯಿಂದ "ಶಿವಶಿವಾ!" ಎಂಬ ಚೀರು ಹೊರಬಿತ್ತು. ಆಂಪುಲ್ ವಾಲಿ ಉಳಿದ ನೀರೆಲ್ಲ ಕೂಸಿನ ಮುಖದ ಮೇಲೆ ಸುರಿಯಿತು. ಅಂಗಾಲಿಗೆ ಬೆರಳಿಂದ ಜೋರಾಗಿ ಹೊಡೆದೆ. ತಣ್ಣೀರಿಗೋ ಏಟಿಗೋ ಗೊತ್ತಿಲ್ಲ, ಕೂಸು ಬಾಯಿ ತೆರೆದು ಅತ್ತಿತು. ಹುಸೇನಿ ಮುಂದಿನಿಂದ "ಯಾ ಅಲ್ಲಾ" ಎಂದು ಗಾಡಿ ಬಿಟ್ಟವನು ಹೊಸಪೇಟೆಯವರೆಗೆ ಬ್ರೇಕು ಮುಟ್ಟಲಿಲ್ಲ.

ಪಿತ, ಸುತ ಆದಮೇಲೆ ಹೇಳಬೇಕಾದ ಮೂರನೇ ಹೆಸರನ್ನು, ಪವಿತ್ರಾತ್ಮನ ಹೆಸರನ್ನು, ನಾನು ಹೇಳಿದೆನೋ ಇಲ್ಲವೋ? ಅದೇ ನನಗೆ ಗೊತ್ತಿಲ್ಲದ್ದು. ಆಮೇಲೆ ದಾರಿಯುದ್ದಕ್ಕೂ ಹೇಳಿಕೊಂಡೆ ಎಂದು ಒಮ್ಮೆ ಅನಿಸುತ್ತದೆ. ಅವನ ಜಾಗದಲ್ಲಿ ಶಿವನನ್ನು ಕೂರಿಸಿಬಿಟ್ಟೆ ಎಂದು ಇನ್ನೊಮ್ಮೆ ಅನಿಸುತ್ತದೆ.

ಕೂಸು ಉಳಿಯಿತು. ಗಾಜಿನ ಪೆಟ್ಟಿಗೆಯಲ್ಲಿ ಒಂದು ತಿಂಗಳಿದ್ದು ಮನೆಗೆ ಬಂತು. ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿಗೆ ತಿಂಗಳಿಗೊಮ್ಮೆ ಪೂಜೆಗೆ ಬರುತ್ತಿದ್ದ ವಯಸ್ಸಾದ ಫಾದರ್ ಒಬ್ಬರು ವಿಷಯ ತಿಳಿದು ನನ್ನನ್ನು ಕಾಣಲು ಉಪಕೇಂದ್ರಕ್ಕೇ ಬಂದರು. ಬೇರೆ ಧರ್ಮದವರು ಹಾಕಿದರೂ ನಡೆಯುತ್ತದೆ, ನೀರು ನೀರಾಗಿರಬೇಕು, ಮಾತು ಸರಿ ಇರಬೇಕು, ಸಭೆ, ಅಂದರೆ ಅವರ ಚರ್ಚು, ಏನು ಮಾಡುತ್ತದೋ ಅದನ್ನೇ ಮಾಡುವ ಮನಸ್ಸಿರಬೇಕು ಎಂದು ವಿವರಿಸಿದರು. "ಮಾತು ಹೇಳಿದ್ರಾ?" ಎಂದು ಕೇಳಿದರು.

"ರೋಸಮ್ಮ ಹೇಳಿಕೊಟ್ಟಂಗ ಹೇಳಿದೆ," ಅಂದೆ. ಸುಳ್ಳೇನಲ್ಲ. ಅವಳು ಎಲ್ಲಿಯವರೆಗೆ ಹೇಳಿಕೊಟ್ಟಳು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

"ನೀರು ಹಾಕುವಾಗ ನಿಮ್ಮ ಮನಸ್ಸಿನಲ್ಲಿ ಏನಿತ್ತಮ್ಮಾ?"

"ಕೂಸು ಉಳೀಲಿ ಅಂತಿತ್ರಿ."

ಅವರು ಹೊರಡುವಾಗ, ಮತ್ತೆ ನೀರು ಹಾಕುವುದು ಬೇಡ, ಉಳಿದ ಶಾಸ್ತ್ರದ ಎಣ್ಣೆ ಹಚ್ಚಿ ಚರ್ಚಿನ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ ಅಂದರು. ಪುಸ್ತಕದಲ್ಲಿ ನನ್ನ ಹೆಸರೂ ಇದೆಯಂತೆ. ಈ ಸಂಗತಿ ಮನೆಯಲ್ಲಿ ಹೇಳಿದಾಗ ಯಜಮಾನರು ತಿನ್ನುತ್ತಿದ್ದ ರೊಟ್ಟಿ ಬಿಟ್ಟು ಕೇಳಿದರು: "ಮನ್ಯಾಗ ಅಯ್ಯನೋರು ಬಂದ್ರ ಪಾದಪೂಜಿಗೆ ನೀರು ತರಾಕ ಮರೀತಿ. ಅಲ್ಲಿ ಹೋಗಿ ಅವರ ಕೂಸಿಗೆ ದೀಕ್ಷಾ ಕೊಟ್ಟು ಬಂದಿ?" ರೊಟ್ಟಿಗೆ ಇನ್ನಷ್ಟು ಪಲ್ಯ ಹಾಕಿದೆ.

ವರ್ಗಾವಣೆಯಾಗಿ ಹಡಗಲಿ ಕಡೆ, ಆಮೇಲೆ ಕೂಡ್ಲಿಗಿಗೆ ಬಂದೆ. ರೋಸಮ್ಮನ ಕುಟುಂಬವೂ ಕೊಟ್ಟೂರಿಗೆ ಬಂದು ನೆಲೆಸಿತು. ನೀಲಾ ಓದಿ ಅಲ್ಲೇ ಶಾಲೆಯ ಟೀಚರ್ ಆದಳು. ವರ್ಷಕ್ಕೊಮ್ಮೆ ಕ್ರಿಸ್‌ಮಸ್ಸಿಗೆ ಕೇಕು ತರುತ್ತಾಳೆ, ನನ್ನನ್ನು ದೊಡ್ಡಮ್ಮ ಅನ್ನುತ್ತಾಳೆ. ಅವಳನ್ನು ಕಂಡಾಗಲೆಲ್ಲ ಆ ಮೂರನೇ ಹೆಸರು ನೆನಪಾಗುತ್ತಿತ್ತು. ಎಷ್ಟೋ ಸಲ ಹೇಳಬೇಕೆಂದುಕೊಂಡು ಕೇಕು ತಿಂದು ಸುಮ್ಮನಾಗಿದ್ದೇನೆ.

ಹೋದ ವರ್ಷ ಅವಳು ಕ್ರಿಸ್‌ಮಸ್ಸಿಗೆ ಮುಂಚೆಯೇ, ಕೇಕಿಲ್ಲದೆ ಬಂದಳು. ಹರಪನಹಳ್ಳಿಯ ಹುಡುಗನೊಂದಿಗೆ ಮದುವೆ ಗೊತ್ತಾಗಿತ್ತು. ಅವರೂ ಕ್ರೈಸ್ತರೇ, ಆದರೆ ಬೇರೆ ಸಭೆ. ಅಲ್ಲಿಯ ಪಾಸ್ಟರ್ ಕೂಸುಗಳ ಜ್ಞಾನಸ್ನಾನವನ್ನು ಒಪ್ಪುವುದಿಲ್ಲ. ತಿಳಿದು ನಂಬಿದವರು ನದಿಯಲ್ಲಿ ಪೂರ್ತಿ ಮುಳುಗಿ ಏಳಬೇಕು.

"ಮತ್ತ ನೀರಿಗಿಳದ್ರ ಮೊದಲ್ನೇದಕ್ಕ ಅವಮಾನ ಮಾಡಿದಂಗ ಅಂತಾಳ ಅವ್ವ. ಮೊದಲ್ನೇದು ದೀಕ್ಷಾಸ್ನಾನನ ಅಲ್ಲ ಅಂತಾರ ಪಾಸ್ಟರು. ಅವತ್ತು ಆ ಜೀಪಿನಾಗ ಇದ್ದೋರಲ್ಲಿ ಹುಸೇನಿ ಕಾಕಾ ತೀರಿಕೊಂಡಾರ, ಅವ್ವಗ ಪೂರ್ತಿ ಎಚ್ಚರ ಇರ್ಲಿಲ್ಲ. ದೊಡ್ಡಮ್ಮಾ, ಏನಾತು ಅಂತ ನೀನ ಹೇಳಬೇಕು."

ಹೇಳಿಬಿಟ್ಟೆ. ಆಂಪುಲ್, ಎರಡು ಹನಿ, ಶಿವಶಿವಾ, ಎಲ್ಲ. ಹೇಳುವಾಗ ಅವಳ ಮುಖ ನೋಡಲಾಗದೆ ಅವಳ ಚಪ್ಪಲಿ ನೋಡುತ್ತಿದ್ದೆ. ನೀಲಾ ಮೊದಲು ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು. "ಇಪ್ಪತ್ಮೂರು ವರ್ಷ ನಾನು ಏನಾಗಿದ್ದೆ ಹಂಗಾದ್ರ?" ಎಂದು ಕೇಳಿದಳು. ನನ್ನನ್ನು ಕೇಳಿದಳೋ ತನ್ನನ್ನೇ ಕೇಳಿಕೊಂಡಳೋ.

ಅವಳ ಜೊತೆ ನಾನೂ ಹರಪನಹಳ್ಳಿಗೆ ಹೋದೆ. ಪಾಸ್ಟರ್ ಚಿಕ್ಕ ವಯಸ್ಸಿನವರು, ಮೃದು ಮಾತು. ನಾನೇ ಕೇಳಿದೆ: "ನೀರಿಗಿಳೀದಿದ್ರ ಮುಕ್ತಿ ಇಲ್ಲೇನ್ರಿ?"

"ನಂಬಿಕೆಯಿಂದ ರಕ್ಷಣೆ ಅಮ್ಮಾ. ನೀರಿಂದಲ್ಲ."

"ಹಂಗಾದ್ರ ನೀರು ಬ್ಯಾಡೇನು?"

"ಬೇಕು. ಸ್ವಾಮಿ ಹೇಳಿದಾರೆ, ಮಾಡ್ಬೇಕು."

"ನಂಬಿ, ನೀರಿಗಿಳಿಯೋಕ ಮುಂಚೆ ಸತ್ರ?"

"ಯೇಸುಸ್ವಾಮಿ ಪಕ್ಕದ ಶಿಲುಬೆ ಮೇಲಿದ್ದ ಕಳ್ಳ ಇದ್ನಲ್ಲ, ಅವನಿಗೆ ದೀಕ್ಷಾಸ್ನಾನ ಯಾರು ಮಾಡ್ಸಿದ್ರು? ಅವನು ಸ್ವರ್ಗಕ್ಕೆ ಹೋಗ್ಲಿಲ್ವ?"

ಊರಿಗೆ ಬಂದು ಹೊಸಪೇಟೆಯ ಈಗಿನ ಫಾದರಿಗೆ ಫೋನು ಮಾಡಿಸಿದೆ. ಅವರು, ನೀರು ಬೇಕೇ ಬೇಕು, ಮುಕ್ತಿಯ ಬಾಗಿಲೇ ಅದು ಅಂದರು. ನೀರು ಬೀಳದೆ ಸತ್ತ ಕೂಸುಗಳು ಎಂದು ಕೇಳಿದ್ದಕ್ಕೆ, ಅವನ್ನು ದೇವರ ಕರುಣೆಗೆ ಒಪ್ಪಿಸುತ್ತೇವೆ, ಹೊರಗಿರುತ್ತವೆ ಎಂದು ಸಭೆ ಎಂದೂ ತೀರ್ಮಾನ ಮಾಡಿಲ್ಲ ಅಂದರು. ಆಮೇಲೆ ಅವರೂ ಅದೇ ಕಳ್ಳನ ಹೆಸರೆತ್ತಿದರು. ಒಬ್ಬರು ಬೇಡ ಎಂದು ಶುರು ಮಾಡಿ ಬೇಕು ಎಂದು ಮುಗಿಸಿದರು, ಇನ್ನೊಬ್ಬರು ಬೇಕು ಎಂದು ಶುರು ಮಾಡಿ ಕರುಣೆಗೆ ಬಿಟ್ಟರು. ಇಬ್ಬರ ನಡುವೆ ಆ ಕಳ್ಳ ಆರಾಮಾಗಿ ಸ್ವರ್ಗದಲ್ಲಿ ಕೂತಿದ್ದ. ನನ್ನ ತಲೆ ಮಾತ್ರ ಗಿರ್ರೆನ್ನುತ್ತಿತ್ತು.

ಇನ್ನು ರೋಸಮ್ಮನಿಗೆ ಹೇಳಬೇಕಿತ್ತು. ಕೊಟ್ಟೂರಿನ ಅವಳ ಮನೆಗೆ ಹೋದಾಗ ಅವಳು ಮಗಳ ಮದುವೆಯ ಕುಪ್ಪಸಕ್ಕೆ ಹುಕ್ಕು ಹಚ್ಚುತ್ತಿದ್ದಳು. ಮೂರನೇ ಹೆಸರು ಹೇಳಿದ ನೆನಪಿಲ್ಲ, ಅದರ ಜಾಗದಲ್ಲಿ ಶಿವನ ಹೆಸರು ಬಂತು ಅಂದೆ. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಬೈಯುತ್ತಾಳೆ, ಅಳುತ್ತಾಳೆ ಎಂದು ಕಾದೆ. ಅವಳ ಮುಖದಲ್ಲಿ ನಾನು ಎಣಿಸದ ಏನೋ ನಡೆಯುತ್ತಿತ್ತು.

"ಅಂದ್ರ ಇಕಿಗೂ ಪೂರ್ತಿ ಆಗಿದ್ದಿಲ್ಲ."

"ಆಗಿಲ್ಲೇನೋ. ತಪ್ಪಾತು ರೋಸಮ್ಮ."

"ತಡೀರಿ ಅಕ್ಕಾರೆ." ಅವಳು ಒಂದೊಂದೇ ಮಾತನ್ನು ಹೊಲಿಗೆಯಂತೆ ಹಾಕುತ್ತ ಹೋದಳು. "ಇಕಿಗೂ ಆಗಿದ್ದಿಲ್ಲ. ಆದ್ರೂ ಇಷ್ಟು ವರ್ಷ ಇಕಿನ್ನ ಕೈ ಬಿಟ್ಟಿಲ್ಲ ಆ ದೇವರು. ಜ್ವರ ಬಂತು, ಉಳಿಸಿದ. ಶಾಲಿ ಕೊಟ್ಟ. ಪ್ರಾರ್ಥನಿಗೆ ಕುಂತ್ರ ಇಕಿ ಕಣ್ಣಾಗ ನೀರು ಬರ್ತಾವ, ನಾನ ನೋಡೀನಿ. ಅವನು ಬಾಗಲ ಹಾಕ್ಕೊಂಡಿದ್ರ ಅದೆಲ್ಲ ಹೆಂಗ ಆಗ್ತಿತ್ತು?" ಸೂಜಿಯನ್ನು ಮತ್ತೆ ಕೈಗೆತ್ತಿಕೊಂಡು ಕೇಳಿದಳು: "ಅರ್ಧ ನೀರು ಬಿದ್ದ ಇಕಿನ್ನ ಸಾಕಿದೋನು, ನೀರ ಬೀಳದ ಮೊದಲ್ನೇದನ್ನ ಹೊರಗ ನಿಲ್ಲಿಸಿರ್ತಾನೇನ್ರಿ?"

ಇಷ್ಟು ವರ್ಷ ನನ್ನನ್ನು ಚುಚ್ಚುತ್ತಿದ್ದ ತಪ್ಪು ಅವಳ ಕೈಗೆ ಹೋಗಿ ಇನ್ನೇನೋ ಆಗಿಬಿಟ್ಟಿತ್ತು. ಆದರೆ ಸಮಾಧಾನ ಪೂರ್ತಿ ನಿಲ್ಲಲಿಲ್ಲ ಎನ್ನುವುದನ್ನೂ ಹೇಳಬೇಕು. ಮಾರನೆಯ ದಿನವೇ ಫೋನು ಮಾಡಿ, "ಅಲ್ರಿ, ನೀವು ಮೂರನೇ ಹೆಸರು ಮನಸಿನಾಗರ ಅಂದಿರ್ಬೇಕಲ್ಲ?" ಎಂದು ಕೇಳಿದಳು. ಅಂದಿರಬಹುದು ಎಂದೆ. "ಅಂದಿರಬಹುದು," ಎಂದು ಅವಳೂ ಹೇಳಿ ಇಟ್ಟಳು.

ನೀಲಾ ನೀರಿಗಿಳಿಯಲು ತಾನೇ ನಿರ್ಧಾರ ಮಾಡಿದಳು. "ಹುಡುಗನ ಸಲುವಾಗಿ ಅಲ್ಲವ್ವ. ಅವತ್ತು ನೀ ಕೇಳಿದಿ, ದೊಡ್ಡಮ್ಮ ಹಾಕಿದಳು. ನಾನು ಏನೂ ಕೇಳಿರಲಿಲ್ಲ. ಇವತ್ತು ನಾನ ಕೇಳ್ತೀನಿ," ಅಂದಳಂತೆ. ಹಡಗಲಿ ಆಚೆ, ಮೈಲಾರದ ದಾರಿಯಲ್ಲಿ ತುಂಗಭದ್ರೆಗೆ ಹೋದೆವು. ಬರುವುದಿಲ್ಲ ಎಂದು ಮೂರು ದಿನ ಹಟ ಹಿಡಿದಿದ್ದ ರೋಸಮ್ಮ ಎಲ್ಲರಿಗಿಂತ ಮೊದಲು ವ್ಯಾನಿನಲ್ಲಿ ಕೂತಿದ್ದಳು. ಬಿಳಿ ಚೂಡಿದಾರದಲ್ಲಿ ನೀಲಾ ಸೊಂಟದ ಮಟ್ಟ ನೀರಿನಲ್ಲಿ ನಿಂತಳು. ಹೊಸ ಹೆಸರು ಬೇಕೇ ಎಂದು ಪಾಸ್ಟರ್ ಕೇಳಿದ್ದು ದಂಡೆಯಲ್ಲಿದ್ದ ನಮಗೂ ಕೇಳಿಸಿತು. "ಬ್ಯಾಡ್ರಿ, ನೀಲಮ್ಮ ಇರ್ಲಿ," ಅಂದಳು. ಅವರು ಅವಳನ್ನು ಹಿಂದಕ್ಕೆ ಬಾಗಿಸಿ ಮುಳುಗಿಸಿದರು. ಒಂದು ಕ್ಷಣ ಅವಳು ಕಾಣಲಿಲ್ಲ. ರೋಸಮ್ಮ ನನ್ನ ಮೊಣಕೈ ಹಿಡಿದ ಹಿಡಿತ ಎರಡು ದಿನ ಕೆಂಪಗೆ ಉಳಿದಿತ್ತು. ನೀಲಾ ಎದ್ದು, ಕೆಮ್ಮಿ, ನಕ್ಕಳು. ದಂಡೆಗೆ ಬಂದವಳನ್ನು ಟವೆಲ್ಲಿನಲ್ಲಿ ಸುತ್ತಿ ರೋಸಮ್ಮ ಕೇಳಿದ್ದು ಒಂದೇ: "ಚಳಿ ಆತೇನು?"

ಯಾವ ನೀರು ಅವಳನ್ನು ದಾಟಿಸಿತು? ನನ್ನ ಐದು ಎಂ.ಎಲ್. ನೀರೋ, ಇಡೀ ತುಂಗಭದ್ರೆಯೋ, ಎರಡೂ ಅಲ್ಲದೆ ಇನ್ನೇನೋ? ನನ್ನ ಕೈಯಲ್ಲೇ ಕಣ್ಣು ಮುಚ್ಚಿದ ಎಷ್ಟೋ ಕೂಸುಗಳು ಆ ದಂಡೆಯ ಮೇಲೆ ನೆನಪಾದವು. ಯಾವ ನೀರೂ ಬೀಳದವು, ಯಾವ ಲಿಂಗವೂ ಕಟ್ಟದವು. ರಿಜಿಸ್ಟರಿನಲ್ಲಿ 'ಗಂಡು' 'ಹೆಣ್ಣು' ಎಂದಷ್ಟೇ ಬರೆದು ಮುಂದಿನ ಸಾಲಿಗೆ ಹೋಗುತ್ತಿದ್ದೆ. ಈಗ ಬೆಳಿಗ್ಗೆ ಪೂಜೆಗೆ ಕೂತರೆ ಅವು ಒಂದೆರಡಾದರೂ ಬಂದು ಎದುರಿಗೆ ಕೂರುತ್ತವೆ. ಓಡಿಸುವುದಿಲ್ಲ. ಪೂಜೆ ಸ್ವಲ್ಪ ತಡವಾಗುತ್ತದೆ, ಚಹಾವೂ.

ನಿನ್ನೆ ರೋಸಮ್ಮ ಬಂದಿದ್ದಳು. ಮಗಳ ಮನೆಯ ಸುದ್ದಿ ಎಲ್ಲ ಹೇಳಿ ಮುಗಿಸಿ, ಎದ್ದು ಹೊರಡುವವಳು ಮತ್ತೆ ಕೂತಳು.

"ನೀಲಾಗ ನೀವ ಹೆಸರಿಟ್ರಿ. ಆ ಮೊದಲ್ನೇದಕ್ಕೂ ಒಂದು ಇಡ್ರಿ ಅಕ್ಕಾರೆ."

"ನಾನಾ? ಫಾದರನ್ನ ಕೇಳಬಾರ್ದ?"

"ಕೇಳಿದ್ರ ನಡೀತೈತೋ ಇಲ್ಲೋ ಅಂತ ಪುಸ್ತಕ ತೆಗೀತಾರ. ನೀವ ಇಡ್ರಿ. ಆದ್ರ ಕೊಟ್ರೇಶ ಅಂತ ಮಾತ್ರ ಬ್ಯಾಡ್ರಿ, ಕೊಟ್ಟೂರ ದೇವರ ಹೆಸರಂತ ನಮ್ಮ ಓಣ್ಯಾಗ ಆಗಲೇ ನಾಕು ಮಂದಿ ಅದಾರ."

ಇಬ್ಬರೂ ನಕ್ಕೆವು. ಇದ್ದಿದ್ದರೆ ಅವನಿಗೆ ಈಗ ಇಪ್ಪತ್ತಾರು ವರ್ಷ. ಶಾಂತರಾಜ ಅಂದೆ.

ರೋಸಮ್ಮ ಅದನ್ನು ಮೆಲ್ಲಗೆ ಒಮ್ಮೆ ಅಂದು ನೋಡಿದಳು. ಆಮೇಲೆ ಬೀದಿಯ ಕಡೆ ಮುಖ ಮಾಡಿ, ಆಟಕ್ಕೆ ಹೋದ ಮಗನನ್ನು ಊಟಕ್ಕೆ ಕರೆಯುವ ದನಿಯಲ್ಲಿ ಇನ್ನೊಮ್ಮೆ ಅಂದಳು: "ಶಾಂತರಾಜಾ… ಒಳಗ ಬಾರೋ."